ಕೋಲಾರದ ರಸ್ತೆಗೆ ಸುರಿದ ಟೊಮೆಟೊ ಯಾಕೆ ಪೇಸ್ಟ್ ಆಗುವುದಿಲ್ಲ?

ಹೆಚ್ಚು ಕಡಿಮೆ ಪ್ರತಿ ವರ್ಷ ಆ ಫೋಟೊ ಬರುತ್ತದೆ. ಕೋಲಾರದ ಕಡೆ ರಸ್ತೆ ಬದಿಯಲ್ಲಿ ಕೆಂಪಗೆ ಸುರಿದ ಟೊಮೆಟೊ ರಾಶಿ. ಬಿಡಿಸಿದ ಕೂಲಿ, ಮಂಡಿಗೆ ತಂದ ಬಾಡಿಗೆ ಕೂಡ ಹುಟ್ಟದೆ ರೈತರು ಸುರಿದು ಹೋದ ಹಣ್ಣು. ನೋಡಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಇದನ್ನೆಲ್ಲ ಪೇಸ್ಟ್ ಮಾಡಿ ಇಟ್ಟುಕೊಳ್ಳಬಹುದಲ್ವಾ?

ನ್ಯಾಯವಾದ ಪ್ರಶ್ನೆ. ಪೇಸ್ಟ್ ಅಂದರೆ ಮಿಕ್ಕ ಹಣ್ಣನ್ನು ಉಳಿಸಿಕೊಳ್ಳುವ ದಾರಿ ಎಂದು ನಾನೂ ಬಹಳ ದಿನ ನಂಬಿದ್ದೆ. ಆದರೆ ಜಗತ್ತಿನ ಟೊಮೆಟೊ ಪೇಸ್ಟಿನ ಬಹುಪಾಲು ಮಿಕ್ಕ ಹಣ್ಣಿನಿಂದ ಆಗಿದ್ದಲ್ಲ. ಅದಕ್ಕೆಂದೇ ಬೇರೆ ತಳಿ ಇದೆ, ಬೇರೆ ಹೊಲ ಇದೆ, ಬಿತ್ತುವ ಮೊದಲೇ ಗೊತ್ತಾದ ಬೆಲೆ ಇದೆ. ಅದು ನಮ್ಮ ಟೊಮೆಟೊಗೆ ದೂರದ ಸಂಬಂಧಿ ಅಷ್ಟೆ. ಯಾಕೆ ಹೀಗೆ ಅಂತ ತಿಳಿಯಬೇಕಾದರೆ ಮೊದಲು ನೀರಿನ ಲೆಕ್ಕ ಮಾಡಬೇಕು.

ಮನೆಯಲ್ಲಿ ಟೊಮೆಟೊ ತೊಕ್ಕು ಮಾಡಿದವರಿಗೆ ಈ ಲೆಕ್ಕ ಕೈಯಲ್ಲೇ ಇರುತ್ತದೆ. ಬಾಣಲೆ ತುಂಬ ಹಣ್ಣು ಹಾಕಿದರೆ ಕೊನೆಗೆ ಸಿಗುವುದು ಒಂದು ಬಟ್ಟಲು. ಟೊಮೆಟೊದಲ್ಲಿ ಸುಮಾರು 95 ಭಾಗ ನೀರೇ. ಉಳಿದ 5 ಭಾಗದಲ್ಲಿ ಸಕ್ಕರೆ, ಹುಳಿ, ನಾರು, ಬಣ್ಣ ಎಲ್ಲ ಬಂತು. ರಸದಲ್ಲಿ ಕರಗಿರುವ ಈ ಅಂಶವನ್ನು ಕಾರ್ಖಾನೆಯವರು ಬ್ರಿಕ್ಸ್ ಎಂಬ ಅಳತೆಯಲ್ಲಿ ಹೇಳುತ್ತಾರೆ: 100 ಗ್ರಾಂ ರಸದಲ್ಲಿ ಸುಮಾರು ಎಷ್ಟು ಗ್ರಾಂ ಕರಗಿದೆಯೋ ಅಷ್ಟು ಬ್ರಿಕ್ಸ್. ಪೇಸ್ಟಿಗೆಂದೇ ಬೆಳೆದ ಹಣ್ಣು 5 ಬ್ರಿಕ್ಸ್ ಆಸುಪಾಸು ಇರುತ್ತದೆ. ಮಾರುಕಟ್ಟೆಯಲ್ಲಿ ಓಡಾಡುವ ಪೇಸ್ಟ್ ಸಾಮಾನ್ಯವಾಗಿ 28ರಿಂದ 30, ಇನ್ನೂ ಗಟ್ಟಿಯದು 36ರಿಂದ 38. ಅಂತರರಾಷ್ಟ್ರೀಯ ಆಹಾರ ಮಾನದಂಡದ ಪ್ರಕಾರ 24ಕ್ಕಿಂತ ಕೆಳಗಿದ್ದರೆ ಅದು ಪೇಸ್ಟೇ ಅಲ್ಲ, ಪ್ಯೂರಿ.

ಈಗ ಗುಣಿಸಿ ನೋಡಿ. 5 ಬ್ರಿಕ್ಸ್ ಹಣ್ಣು 30 ಬ್ರಿಕ್ಸ್ ಆಗಬೇಕಾದರೆ 6 ಕೆಜಿಯಿಂದ 1 ಕೆಜಿ ಪೇಸ್ಟ್ ಬರುತ್ತದೆ. ಮಿಕ್ಕ 5 ಕೆಜಿ ನೀರು ಆವಿಯಾಗಿ ಹೋಗಬೇಕು. ಹಣ್ಣು 4 ಬ್ರಿಕ್ಸ್ ಇದ್ದರೆ 7.5 ಕೆಜಿ ಬೇಕು. ಕೇಳಲು ಸಣ್ಣ ವ್ಯತ್ಯಾಸ. ಆದರೆ ದಿನಕ್ಕೆ ಸಾವಿರಾರು ಟನ್ ಅರೆಯುವ ಕಾರ್ಖಾನೆಗೆ ಆ ಒಂದು ಬ್ರಿಕ್ಸ್ ಲಾಭ ನಷ್ಟದ ಗೆರೆ. ನಮ್ಮ ಮಂಡಿಗೆ ಬರುವ ಹಣ್ಣು ದೂರದೂರಿಗೆ ಲಾರಿಯಲ್ಲಿ ಹೋಗಲು ಬೆಳೆಸಿದ್ದು. ಸಿಪ್ಪೆ ಗಟ್ಟಿ ಇರಬೇಕು, ನೋಡಲು ಚೆನ್ನಾಗಿರಬೇಕು, ಕೋಲ್ಕತ್ತ ತಲುಪುವವರೆಗೆ ತಡೆಯಬೇಕು. ಒಳಗಿನ ರಸ ಎಷ್ಟು ಗಟ್ಟಿ ಎಂದು ಹರಾಜಿನಲ್ಲಿ ಯಾರೂ ಕೇಳುವುದಿಲ್ಲ.

ಕಾರ್ಖಾನೆಯ ಒಳಗೆ

ಹಣ್ಣು ತೊಳೆದು, ಜಜ್ಜಿದ ತಕ್ಷಣ ಒಂದು ತೀರ್ಮಾನ ಆಗಬೇಕು. ಟೊಮೆಟೊದಲ್ಲಿ ಪೆಕ್ಟಿನ್ ಎಂಬ ಅಂಟು ಪದಾರ್ಥ ಇದೆ. ಗೊಜ್ಜು ಗಟ್ಟಿಯಾಗುವುದು ಅದರಿಂದ. ಹಣ್ಣನ್ನು ಜಜ್ಜಿದ ಕೂಡಲೇ ಅದರೊಳಗಿನ ಕಿಣ್ವಗಳು ಆ ಪೆಕ್ಟಿನ್ ಅನ್ನು ತಿನ್ನಲು ಶುರು ಮಾಡುತ್ತವೆ. ಹೆಚ್ಚಿದ ಟೊಮೆಟೊ ಸ್ವಲ್ಪ ಹೊತ್ತು ಬಿಟ್ಟರೆ ನೀರು ನೀರಾಗುತ್ತದಲ್ಲ, ಅದರಲ್ಲಿ ಇವುಗಳ ಪಾಲೂ ಇದೆ. ಜಜ್ಜಿದ ತಕ್ಷಣ 90 ಡಿಗ್ರಿ ಹತ್ತಿರ ಕಾಯಿಸಿದರೆ ಕಿಣ್ವಗಳು ಸಾಯುತ್ತವೆ, ಪೇಸ್ಟ್ ದಪ್ಪಗಿರುತ್ತದೆ. ಇದು ಹಾಟ್ ಬ್ರೇಕ್. ಕೆಚಪ್‌ಗೆ ಬೇಕಾದದ್ದು ಇದೇ. 65ರಿಂದ 70 ಡಿಗ್ರಿಯಲ್ಲಿ ನಿಲ್ಲಿಸಿದರೆ ತೆಳ್ಳಗಾಗುತ್ತದೆ, ಆದರೆ ಬಣ್ಣ, ರುಚಿ ಚೆನ್ನಾಗಿ ಉಳಿಯುತ್ತದೆ. ಇದು ಕೋಲ್ಡ್ ಬ್ರೇಕ್. ಎರಡಕ್ಕೂ ಬೇರೆ ಬೇರೆ ಗಿರಾಕಿ. ಹಾಗಾಗಿ "ಪೇಸ್ಟ್ ಇದೆ" ಎಂದ ಮಾತ್ರಕ್ಕೆ ಬೇಕಾದ ಪೇಸ್ಟ್ ಇದೆ ಎಂದಲ್ಲ.

ಆಮೇಲೆ ಸಿಪ್ಪೆ, ಬೀಜ ತೆಗೆದು ರಸವನ್ನು ಬತ್ತಿಸುವ ಕೆಲಸ. ಬಾಣಲೆಯಲ್ಲಿ ಬತ್ತಿಸಿದ ಹಾಗೆ ಮಾಡಿದರೆ ತಳ ಹಿಡಿದು ಕಪ್ಪಾಗುತ್ತದೆ. ಬೆಟ್ಟದ ಮೇಲೆ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ, ಅಲ್ವಾ? ಗಾಳಿಯ ಒತ್ತಡ ಕಡಿಮೆ ಇರುವುದರಿಂದ. ಇಲ್ಲೂ ಅದೇ ಉಪಾಯ. ದೊಡ್ಡ ಉಕ್ಕಿನ ಹಂಡೆಗಳಿಂದ ಗಾಳಿ ಎಳೆದು, ಒತ್ತಡ ಇಳಿಸಿ, 100 ಡಿಗ್ರಿಗಿಂತ ಬಹಳ ಕೆಳಗೇ ರಸವನ್ನು ಕುದಿಸುತ್ತಾರೆ. ಒಂದು ಹಂಡೆಯಿಂದ ಎದ್ದ ಆವಿಯಲ್ಲೇ ಮುಂದಿನ ಹಂಡೆಯನ್ನು ಕಾಯಿಸುತ್ತಾರೆ. ಹೀಗೆ ಮೂರು, ನಾಲ್ಕು ಹಂಡೆ ಸಾಲಾಗಿ. ಇಷ್ಟು ಉಳಿತಾಯ ಮಾಡಿದರೂ ಇದು ಇಂಧನ ನುಂಗುವ ಕೆಲಸ. 2022ರಲ್ಲಿ ಯುರೋಪಿನಲ್ಲಿ ಗ್ಯಾಸ್ ಬೆಲೆ ಹಾರಿದಾಗ ಇಟಲಿಯ ಪೇಸ್ಟ್ ಕಾರ್ಖಾನೆಗಳು ಒದ್ದಾಡಿದ್ದು ಇದರಿಂದಲೇ. ಪೇಸ್ಟಿನ ಬೆಲೆಯಲ್ಲಿ ಟೊಮೆಟೊ ಜೊತೆ ಗ್ಯಾಸೂ ಸೇರಿರುತ್ತದೆ.

ಕೊನೆಯ ಹಂತ ನನಗೆ ಅತ್ಯಂತ ಇಷ್ಟವಾದದ್ದು. ಪೇಸ್ಟನ್ನು ಬಿಸಿ ಮಾಡಿ, ಸೂಕ್ಷ್ಮಾಣುಗಳನ್ನು ಕೊಂದು, ತಣ್ಣಗೆ ಮಾಡಿ, ಗಾಳಿ ಸೋಕದ ಚೀಲಕ್ಕೆ ತುಂಬುತ್ತಾರೆ. ಆ ಚೀಲ ಒಂದು ಉಕ್ಕಿನ ಡ್ರಮ್ಮಿನಲ್ಲಿ ಇರುತ್ತದೆ. ಒಂದು ಡ್ರಮ್ಮಿಗೆ 200 ಕೆಜಿಗೂ ಜಾಸ್ತಿ. ಫ್ರಿಜ್ ಬೇಡ, ಉಪ್ಪು ಬೇಡ, ಹೆಚ್ಚು ಕಡಿಮೆ ಎರಡು ವರ್ಷ ಇಡಬಹುದು. ದೊಡ್ಡ ಪ್ರಮಾಣದಲ್ಲಿ ಹೀಗೆ ತುಂಬುವ ವಿಧಾನ ರೂಪಿಸಿದ್ದಕ್ಕೆ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಫಿಲಿಪ್ ನೆಲ್ಸನ್ ಅವರಿಗೆ 2007ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂತು. ಟೊಮೆಟೊ ಅಕ್ಕಿ, ಗೋಧಿಯ ಹಾಗೆ ಹಡಗಿನಲ್ಲಿ ಓಡಾಡುವ ಸರಕಾದದ್ದು ಈ ಚೀಲದಿಂದ. ಹಣ್ಣಿಗೆ ಒಂದು ವಾರ ಆಯಸ್ಸು. ಡ್ರಮ್ಮಿಗೆ ಎರಡು ವರ್ಷ.

ಮೂರು ಜಾಗ, ಮೂರು ತಿಂಗಳು

ಜಗತ್ತಿನಲ್ಲಿ ಕಾರ್ಖಾನೆಗೆ ಹೋಗುವ ಟೊಮೆಟೊ ವರ್ಷಕ್ಕೆ ಸುಮಾರು 4ರಿಂದ 4.5 ಕೋಟಿ ಟನ್. ಹೋಲಿಕೆಗೆ ಹೇಳುತ್ತೇನೆ, ಭಾರತದ ಇಡೀ ಟೊಮೆಟೊ ಬೆಳೆ ಸುಮಾರು 2 ಕೋಟಿ ಟನ್. ಚೀನಾ ಬಿಟ್ಟರೆ ನಾವೇ ಹೆಚ್ಚು ಬೆಳೆಯುವವರು. ಆದರೂ ಪೇಸ್ಟಿನ ಲೆಕ್ಕದಲ್ಲಿ ನಮ್ಮ ಹೆಸರು ದೊಡ್ಡದಾಗಿ ಕಾಣುವುದಿಲ್ಲ. ಅಲ್ಲಿ ಕಾಣುವುದು ಕ್ಯಾಲಿಫೋರ್ನಿಯಾ, ಚೀನಾದ ಷಿನ್‌ಜಿಯಾಂಗ್, ಇಟಲಿ. 2024ರಲ್ಲಿ ಅಮೆರಿಕ, ಚೀನಾ ಎರಡೂ ಸುಮಾರು ಕೋಟಿ ಟನ್ ಮುಟ್ಟಿದವು, ಇಟಲಿ 50 ಲಕ್ಷ ದಾಟಿತು. ಮೂರೂ ಸೇರಿದರೆ ಜಗತ್ತಿನ ಅರ್ಧಕ್ಕಿಂತ ಜಾಸ್ತಿ. ಆಮೇಲೆ ಸ್ಪೇನ್, ಟರ್ಕಿ, ಪೋರ್ಚುಗಲ್, ಚಿಲಿ ಇತ್ಯಾದಿ.

ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡಿಗರು ಇದನ್ನು ಕಣ್ಣಾರೆ ನೋಡಿರುತ್ತಾರೆ. ಆಗಸ್ಟ್ ತಿಂಗಳಲ್ಲಿ ಬೇ ಏರಿಯಾದಿಂದ ಲಾಸ್ ಏಂಜಲೀಸ್ ಕಡೆ ಐ-5 ಹೆದ್ದಾರಿಯಲ್ಲಿ ಹೋದರೆ, ಎರಡೆರಡು ತೊಟ್ಟಿ ಎಳೆದುಕೊಂಡು ಹೋಗುವ ಟ್ರಕ್‌ಗಳು ಸಿಗುತ್ತವೆ. ತೊಟ್ಟಿಗೆ ಮುಚ್ಚಳ ಇಲ್ಲ, ಮೇಲಿನವರೆಗೂ ಟೊಮೆಟೊ. ಒಂದು ಟ್ರಕ್ಕಿಗೆ ಸುಮಾರು 25 ಟನ್. ನಮ್ಮ ಹಣ್ಣನ್ನು ಹಾಗೆ ಸುರಿದರೆ ತಳದಲ್ಲಿ ರಸವೇ ಉಳಿಯುತ್ತಿತ್ತು. ಆ ಹಣ್ಣು ಉಳಿಯುತ್ತದೆ, ಯಾಕೆಂದರೆ ಅದನ್ನು ಯಂತ್ರಕ್ಕೆಂದೇ ಬೆಳೆಸಿದ್ದಾರೆ.

ಆ ಕಥೆ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ್ದು. ಜ್ಯಾಕ್ ಹ್ಯಾನಾ ಎಂಬ ತಳಿ ವಿಜ್ಞಾನಿ, ಕೋಬಿ ಲೊರೆನ್ಜೆನ್ ಎಂಬ ಎಂಜಿನಿಯರ್ ಸೇರಿ ವರ್ಷಗಟ್ಟಲೆ ಕೆಲಸ ಮಾಡಿದರು. ಒಬ್ಬರು ಯಂತ್ರ ಕಟ್ಟಿದರು, ಇನ್ನೊಬ್ಬರು ಯಂತ್ರಕ್ಕೆ ಒಗ್ಗುವ ಹಣ್ಣು ಕಟ್ಟಿದರು. ಗಿಡ ಪೊದೆಯ ಹಾಗೆ ಕುಳ್ಳಗಿರಬೇಕು, ಹಣ್ಣೆಲ್ಲ ಒಟ್ಟಿಗೇ ಮಾಗಬೇಕು, ಬಿದ್ದರೂ ಒಡೆಯಬಾರದು. 1964ರ ಕೊನೆಗೆ ಮೆಕ್ಸಿಕೊದಿಂದ ಕೂಲಿಯವರನ್ನು ಕರೆಸುವ ಸರ್ಕಾರಿ ಯೋಜನೆ ನಿಂತಿತು. ಅದುವರೆಗೆ ಅನುಮಾನ ಪಡುತ್ತಿದ್ದ ಬೆಳೆಗಾರರು ಯಂತ್ರದ ಕಡೆ ಓಡಿದರು. ಆ ದಶಕ ಮುಗಿಯುವಷ್ಟರಲ್ಲಿ ಕಾರ್ಖಾನೆಗೆ ಹೋಗುವ ಬಹುತೇಕ ಎಲ್ಲ ಟೊಮೆಟೊ ಯಂತ್ರದಲ್ಲೇ ಕೊಯ್ಲಾಗುತ್ತಿತ್ತು. ಸಾವಿರಾರು ಕೂಲಿಯವರ ಕೆಲಸ ಹೋಯಿತು, ಸಣ್ಣ ಬೆಳೆಗಾರರು ಈ ಬೆಳೆಯನ್ನೇ ಬಿಟ್ಟರು. ಅದನ್ನೂ ಹೇಳಲೇಬೇಕು.

ಈಗ ಅಲ್ಲಿ ಯಂತ್ರ ಗಿಡವನ್ನೇ ಬುಡಸಮೇತ ಕತ್ತರಿಸಿ, ಅಲ್ಲಾಡಿಸಿ, ಹಣ್ಣನ್ನು ಬೇರೆ ಮಾಡಿ, ಹಸಿರು ಕಾಯಿಯನ್ನು ತಾನೇ ಗುರುತಿಸಿ ಹೊರಗೆ ಎಸೆಯುತ್ತದೆ. ಎಕರೆಗೆ ಸುಮಾರು 45 ಟನ್ ಇಳುವರಿ. ಭಾರತದ ಸರಾಸರಿ ಎಕರೆಗೆ ಸುಮಾರು 10 ಟನ್. ನಮ್ಮಲ್ಲಿ ಕೋಲು ನೆಡಬೇಕು, ದಾರ ಕಟ್ಟಬೇಕು, ವಾರಗಟ್ಟಲೆ ಬಿಡಿಸುತ್ತಲೇ ಇರಬೇಕು.

ಇದರಿಂದ ಹುಟ್ಟುವ ಬೆಲೆ ನೋಡಿ. ಕ್ಯಾಲಿಫೋರ್ನಿಯಾದಲ್ಲಿ ಬೆಳೆಗಾರರ ಸಂಘ ಮತ್ತು ಕಾರ್ಖಾನೆಗಳು ನಾಟಿಗೆ ಮೊದಲು ಕೂತು ಬೆಲೆ ಮಾತಾಡುತ್ತಾರೆ. ಬರಗಾಲದ ನಂತರ 2023ರಲ್ಲಿ ದಾಖಲೆ ಬೆಲೆ ಸಿಕ್ಕಿತು: ಟನ್ನಿಗೆ 138 ಡಾಲರ್. ಅಲ್ಲಿಯ ಟನ್ ಅಂದರೆ 907 ಕೆಜಿ. ಅಂದಿನ ಡಾಲರ್ ಲೆಕ್ಕದಲ್ಲಿ ಕೆಜಿಗೆ ಹನ್ನೆರಡೂವರೆ ರೂಪಾಯಿ. ಅದೇ 2023ರ ಜುಲೈನಲ್ಲಿ ಕೋಲಾರದ ಮಂಡಿಯಲ್ಲಿ 15 ಕೆಜಿಯ ಬಾಕ್ಸ್ ₹2,000 ದಾಟಿತ್ತು. ಕೆಜಿಗೆ ₹130ಕ್ಕೂ ಮೇಲೆ. ಅಂದರೆ ಅಲ್ಲಿಯ ದಾಖಲೆ ಬೆಲೆಯ ಹತ್ತು ಪಟ್ಟು. ಎರಡು ತಿಂಗಳು ಕಳೆಯುವಷ್ಟರಲ್ಲಿ ಅದೇ ಬಾಕ್ಸ್ ನೂರರ ಲೆಕ್ಕಕ್ಕೆ ಇಳಿಯಿತು.

ನನ್ನ ಮಟ್ಟಿಗೆ ಇಡೀ ವಿಷಯ ಇಲ್ಲೇ ಇದೆ. ಕೆಜಿ ₹130ಕ್ಕೆ ಹಣ್ಣು ಕೊಂಡರೆ ಒಂದು ಕೆಜಿ ಪೇಸ್ಟಿಗೆ ಹಣ್ಣಿನ ಖರ್ಚೇ ಸಾವಿರದ ಹತ್ತಿರ ಹೋಗುತ್ತದೆ. ಕೆಜಿ ₹4ಕ್ಕೆ ಸಿಕ್ಕಿದರೆ ₹30. ಪೇಸ್ಟ್ ಕಾರ್ಖಾನೆಗೆ ಬೇಕಾಗಿರುವುದು ಅಗ್ಗದ ಹಣ್ಣು ಮಾತ್ರ ಅಲ್ಲ. ಇಂಥ ದಿನ ಇಷ್ಟು ಟನ್, ಇಂಥ ಬೆಲೆಗೆ ಎಂದು ನಂಬಬಹುದಾದ ಹಣ್ಣು. ಕ್ಯಾಲಿಫೋರ್ನಿಯಾದ ಕಾರ್ಖಾನೆ ಜುಲೈಯಿಂದ ಅಕ್ಟೋಬರ್ ಶುರುವಿನವರೆಗೆ, ಸುಮಾರು 100 ದಿನ, ಹಗಲು ರಾತ್ರಿ ಓಡುತ್ತದೆ. ಆ 100 ದಿನದಲ್ಲೇ ಕೋಟ್ಯಂತರ ಡಾಲರಿನ ಯಂತ್ರದ ಸಾಲ ತೀರಬೇಕು. ಬೆಲೆ ಬಿದ್ದ ಮೂರು ವಾರ ಮಾತ್ರ ಹಣ್ಣು ಬಂದು, ಆಮೇಲೆ ಮಾಯವಾದರೆ ಕಾರ್ಖಾನೆ ಮುಚ್ಚಿ ಹೋಗುತ್ತದೆ.

ಇದು ಸುಮ್ನೆ ಊಹೆಯ ಮಾತಲ್ಲ. ನೈಜೀರಿಯಾದಲ್ಲಿ ಆಗಿದೆ. ಅಲ್ಲಿಯ ಉತ್ತರ ಭಾಗದಲ್ಲಿ ಟೊಮೆಟೊ ಹೇರಳ, ಸುಗ್ಗಿಯಲ್ಲಿ ಕೊಳೆತು ಹೋಗುತ್ತದೆ. ಆದರೆ ಮನೆಮನೆಯಲ್ಲಿ ಬಳಸುವ ಪೇಸ್ಟ್ ಚೀನಾದಿಂದ ಬರುತ್ತಿತ್ತು. ಆಫ್ರಿಕಾದ ದೊಡ್ಡ ಉದ್ಯಮಿ ಅಲಿಕೊ ಡಾಂಗೋಟೆ ಅವರ ಸಂಸ್ಥೆ ಕಾನೊ ನಗರದ ಹತ್ತಿರ ಕಡಾವಾ ಎಂಬಲ್ಲಿ ದಿನಕ್ಕೆ 1,200 ಟನ್ ಅರೆಯುವ ಕಾರ್ಖಾನೆ ಕಟ್ಟಿತು. 2016ರಲ್ಲಿ ಶುರುವಾಯಿತು. ಕೆಲವೇ ವಾರಗಳಲ್ಲಿ ನಿಂತಿತು. ಆ ವರ್ಷ ಟೂಟಾ ಎಂಬ ಪತಂಗದ ಹುಳು ಹೊಲಗಳನ್ನು ನುಂಗಿ, ಕಡುನಾ ರಾಜ್ಯ ತುರ್ತು ಪರಿಸ್ಥಿತಿ ಘೋಷಿಸಬೇಕಾಯಿತು. ಹಣ್ಣಿನ ಬೆಲೆ ಆಕಾಶಕ್ಕೆ ಹೋಯಿತು. ಹುಳುವಿನ ಕಾಟ ತಗ್ಗಿದ ಮೇಲೂ ತೊಂದರೆ ಪೂರ್ತಿ ಹೋಗಲಿಲ್ಲ. ಸಂತೆಯಲ್ಲಿ ಕಾರ್ಖಾನೆಗಿಂತ ಹೆಚ್ಚು ಬೆಲೆ ಸಿಕ್ಕಾಗ ರೈತ ಸಂತೆಗೇ ಹೋಗುತ್ತಾನೆ. ಹೋಗಬೇಕಾದದ್ದೂ ಹಾಗೇ. ಅದೇ ಟೂಟಾ 2014ರಲ್ಲಿ ಭಾರತಕ್ಕೂ ಬಂತು. ಮೊದಲು ಮಹಾರಾಷ್ಟ್ರದಲ್ಲಿ, ಆಮೇಲೆ ಕರ್ನಾಟಕದಲ್ಲಿ ಕಾಣಿಸಿತು.

ಡ್ರಮ್ಮಿನ ಮೇಲೆ ಬರೆಯದ ಊರು

ಷಿನ್‌ಜಿಯಾಂಗ್ ಕಥೆ ಬೇರೆಯೇ. ಚೀನಾದ ಅಡುಗೆಯಲ್ಲಿ ಪೇಸ್ಟ್ ಬಹಳ ಕಡಿಮೆ. ಆದರೂ ಅಲ್ಲಿ ಬೃಹತ್ ಉದ್ಯಮ ಬೆಳೆಯಿತು, ಪೂರ್ತಿ ರಫ್ತಿನ ಮೇಲೆ ಕಣ್ಣಿಟ್ಟು. ಬಿಸಿಲು ಜಾಸ್ತಿ, ಮಳೆ ಕಡಿಮೆ, ಬೆಟ್ಟದ ಹಿಮ ಕರಗಿದ ನೀರು. ಟೊಮೆಟೊಗೆ ಹೇಳಿ ಮಾಡಿಸಿದ ಜಾಗ. ಯಂತ್ರಗಳು ಇಟಲಿಯಿಂದ ಬಂದವು. ಸಮುದ್ರ ಮಾತ್ರ ಸಾವಿರಾರು ಕಿಲೋಮೀಟರ್ ದೂರ.

ಅಲ್ಲಿಂದ ಡ್ರಮ್‌ಗಳು ಆಫ್ರಿಕಾ, ರಷ್ಯಾ, ಕೊಲ್ಲಿ ದೇಶಗಳಿಗೆ ಹೋಗುತ್ತವೆ. ಇಟಲಿಗೂ ಹೋಗುತ್ತವೆ. ಇಟಲಿಯಲ್ಲಿ ಅದಕ್ಕೆ ನೀರು, ಉಪ್ಪು ಸೇರಿಸಿ ಸಣ್ಣ ಡಬ್ಬಿಗೆ ತುಂಬಿ ಮತ್ತೆ ಹೊರಗೆ ಮಾರುವ ವ್ಯಾಪಾರ ವರ್ಷಗಳಿಂದ ನಡೆದಿದೆ. ಡಬ್ಬಿಯ ಮೇಲೆ ಇಟಲಿಯ ಬಣ್ಣ, ಒಳಗಿನ ಹಣ್ಣು ಷಿನ್‌ಜಿಯಾಂಗ್‌ದು. ಇಟಲಿ ಸರ್ಕಾರ 2018ರಿಂದ ತನ್ನ ದೇಶದೊಳಗೆ ಮಾರುವ ಟೊಮೆಟೊ ಪದಾರ್ಥಗಳ ಮೇಲೆ ಹಣ್ಣು ಎಲ್ಲಿ ಬೆಳೆದದ್ದೆಂದು ಬರೆಯಬೇಕೆಂದು ನಿಯಮ ಮಾಡಿತು. ರಫ್ತಾಗುವ ಡಬ್ಬಿಗೆ ಆ ಬಿಗಿ ಇಲ್ಲ.

ಇದು ಬರೀ ಲೇಬಲ್ಲಿನ ವಿಷಯವಾಗಿದ್ದರೆ ಇಷ್ಟು ಹೇಳುತ್ತಿರಲಿಲ್ಲ. ಷಿನ್‌ಜಿಯಾಂಗ್‌ನಲ್ಲಿ ಉಯಿಗರ್ ಮುಸ್ಲಿಮರನ್ನು ಬಲವಂತವಾಗಿ ದುಡಿಸುತ್ತಿದ್ದಾರೆ ಎಂಬ ಆರೋಪದ ಮೇಲೆ 2021ರ ಜನವರಿಯಲ್ಲಿ ಅಮೆರಿಕ ಅಲ್ಲಿಯ ಹತ್ತಿ ಮತ್ತು ಟೊಮೆಟೊ ಎರಡನ್ನೂ ಬಂದರಿನಲ್ಲೇ ತಡೆಯಿತು. 2022ರ ಜೂನ್‌ನಿಂದ ಇನ್ನೂ ಕಟ್ಟುನಿಟ್ಟಾದ ಕಾನೂನು ಜಾರಿಗೆ ಬಂತು: ಬಲವಂತದ ದುಡಿಮೆ ಇಲ್ಲ ಎಂದು ತರಿಸುವವರೇ ಸಾಬೀತು ಮಾಡಬೇಕು. ಚೀನಾ ಸರ್ಕಾರ ಆರೋಪವನ್ನು ಒಪ್ಪುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಬಿಬಿಸಿ, ಬ್ರಿಟನ್ನಿನ ಅಂಗಡಿಗಳಲ್ಲಿ ಇಟಲಿಯದೆಂದು ಮಾರುತ್ತಿದ್ದ ಕೆಲವು ಪ್ಯೂರಿಗಳಲ್ಲಿ ಚೀನಾದ ಟೊಮೆಟೊ ಇರುವಂತೆ ಕಾಣುತ್ತದೆ ಎಂದು ವರದಿ ಮಾಡಿತು. ಹಣ್ಣಿನಲ್ಲಿರುವ ಮಣ್ಣು, ನೀರಿನ ಸೂಕ್ಷ್ಮ ಅಂಶಗಳನ್ನು ಪರೀಕ್ಷಿಸಿ ಅದು ಬೆಳೆದ ಜಾಗ ಅಂದಾಜು ಮಾಡುವ ವಿಧಾನ ಅದು. ನಾವು ತಿನ್ನುವ ಒಂದು ಚಮಚ ಸಾಸಿನ ಹಿಂದೆ ಯಾರ ಕೈ ಇದೆ ಎಂದು ತಿಳಿಯುವ ಹಕ್ಕು ನಮಗೂ ಇರಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಎಲ್ಲಿ ಸರಪಳಿ ತುಂಡಾಗಬಹುದು

ಮೊದಲು ನೀರು. 2020ರಿಂದ 2022ರವರೆಗೆ ಕ್ಯಾಲಿಫೋರ್ನಿಯಾದಲ್ಲಿ ಬರ. ಕಾಲುವೆ ನೀರು ಕಡಿತವಾಯಿತು. ಇರುವ ನೀರನ್ನು ಟೊಮೆಟೊಗೆ ಹಾಕುವುದೋ ಬಾದಾಮಿ ಮರಕ್ಕೋ ಎಂಬ ಪ್ರಶ್ನೆ ಬಂದಾಗ ಮರವೇ ಗೆಲ್ಲುತ್ತದೆ. ಟೊಮೆಟೊ ಒಂದು ವರ್ಷ ಬಿಡಬಹುದು, ಮರ ಒಣಗಿದರೆ ಹೋಯಿತು. ಸ್ಪೇನಿನ ದಕ್ಷಿಣದಲ್ಲಿ, ಇಟಲಿಯ ಪೊ ನದಿಯ ಬಯಲಿನಲ್ಲೂ ಅದೇ ಕಾಲಕ್ಕೆ ಬರ ಬಂತು. ಮೂರು ಜಾಗ ಬೇರೆ ಬೇರೆ ಇದ್ದರೆ ಒಂದರ ನಷ್ಟವನ್ನು ಇನ್ನೊಂದು ತುಂಬುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಇವೆಲ್ಲ ಭೂಮಿಯ ಉತ್ತರ ಭಾಗದಲ್ಲಿ, ಒಂದೇ ಪಟ್ಟಿಯಲ್ಲಿವೆ. ಕೊಯ್ಲು ಒಂದೇ ಬೇಸಿಗೆಯಲ್ಲಿ. ಆ ಬೇಸಿಗೆ ಕೆಟ್ಟರೆ ಮುಂದಿನ ಹಣ್ಣಿಗೆ, ಭೂಮಿಯ ದಕ್ಷಿಣ ಭಾಗದ ಚಿಲಿಯಂಥ ಕಡೆಯ ಸಣ್ಣ ಬೆಳೆ ಬಿಟ್ಟರೆ, ಒಂದು ವರ್ಷ ಕಾಯಬೇಕು. 2050ರ ಹೊತ್ತಿಗೆ ಅಮೆರಿಕ, ಚೀನಾ, ಇಟಲಿ ಮೂರರ ಒಟ್ಟು ಬೆಳೆ ಏರುವ ತಾಪಮಾನದಿಂದ ಸುಮಾರು ಶೇ 6ರಷ್ಟು ಕುಗ್ಗಬಹುದೆಂದು 2022ರಲ್ಲಿ ಒಂದು ಅಧ್ಯಯನ ಅಂದಾಜು ಮಾಡಿತ್ತು.

ಇನ್ನೊಂದು ಅಪಾಯ ಮಣ್ಣಿನೊಳಗಿದೆ. ನಮ್ಮಲ್ಲಿ ತಂಬಾಕಿನ ಬೇರು ಹೀರುವ ಒರೊಬ್ಯಾಂಕಿ ಕಳೆಯ ಜಾತಿಯದೇ ಒಂದು ಪರಾವಲಂಬಿ ಕ್ಯಾಲಿಫೋರ್ನಿಯಾದ ಯೋಲೊ ಜಿಲ್ಲೆಯ ಟೊಮೆಟೊ ಹೊಲಗಳಲ್ಲಿ ಕಾಣಿಸಿಕೊಂಡಿದೆ. ಬೀಜ ಧೂಳಿನಷ್ಟು ಸಣ್ಣದು. ಮಣ್ಣಿನಲ್ಲಿ ದಶಕಗಟ್ಟಲೆ ಜೀವ ಹಿಡಿದಿರುತ್ತದೆ. ಹೊಲದಿಂದ ಹೊಲಕ್ಕೆ ಹೋಗುವ ಕೊಯ್ಲು ಯಂತ್ರಕ್ಕೇ ಅಂಟಿಕೊಂಡು ಹರಡುತ್ತದೆ. ಯಾವ ಯಂತ್ರದಿಂದ ಆ ಉದ್ಯಮ ಬೆಳೆಯಿತೋ ಅದೇ ಈಗ ಕಳೆ ಬಿತ್ತುತ್ತಿದೆ. ಈ ಕಳೆ ಸಿಕ್ಕಿದ ಹೊಲದ ಬೆಳೆಯನ್ನು ನಾಶ ಮಾಡಬೇಕೆಂಬ ನಿಯಮ ಇತ್ತು. ಹೇಳಿದರೆ ಬೆಳೆ ಹೋಗುತ್ತದೆ ಎಂಬ ಭಯದಲ್ಲಿ ರೈತ ಬಾಯಿ ಬಿಡದಿದ್ದರೆ ಕಳೆ ಇನ್ನೂ ಹರಡುತ್ತದೆ.

ಹಡಗು, ಡಬ್ಬಿಯ ತಗಡು, ಸುಂಕ ಇವೂ ಇವೆ. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ದಾಳಿ ಶುರುವಾಗಿ ಹಡಗುಗಳು ಆಫ್ರಿಕಾ ಸುತ್ತಿ ಹೋಗಬೇಕಾಯಿತು. ಉಕ್ರೇನಿನ ದಕ್ಷಿಣದ ಹರ್ಸೊನ್ ಕಡೆಯ ಟೊಮೆಟೊ ಹೊಲಗಳು ಯುದ್ಧಕ್ಕೆ ಸಿಕ್ಕವು.

ಆದರೆ ಎಲ್ಲಕ್ಕಿಂತ ದೊಡ್ಡ ಅಪಾಯ ಬೆಲೆಯ ಏರಿಳಿತವೇ ಎಂದು ನನಗನಿಸುತ್ತದೆ. 2021-22ರಲ್ಲಿ ಪೇಸ್ಟ್ ಕಡಿಮೆಯಾಗಿ ಬೆಲೆ ಏರಿತು. ಎಲ್ಲರೂ ಹೆಚ್ಚು ನಾಟಿ ಮಾಡಿದರು. ಚೀನಾ 2022ರಲ್ಲಿ ಸುಮಾರು 60 ಲಕ್ಷ ಟನ್ ಅರೆದಿದ್ದದ್ದು 2024ರಲ್ಲಿ ಕೋಟಿ ದಾಟಿತು. ಯುರೋಪಿನ ಗಿರಾಕಿಗಳು ಹಿಂದೆ ಸರಿಯುತ್ತಿದ್ದ ಹೊತ್ತಿಗೇ ಇದೂ ಆಯಿತು. ಡ್ರಮ್‌ಗಳು ಗೋದಾಮಿನಲ್ಲಿ ತುಂಬಿ ಬೆಲೆ ಕುಸಿಯಿತು. 2025ರಲ್ಲಿ ಚೀನಾ ತನ್ನ ಬೆಳೆಯನ್ನು ಅರ್ಧಕ್ಕಿಂತ ಕೆಳಗಿಳಿಸಿತು. ಎರಡು ವರ್ಷ ಉಳಿಯುವ ಡ್ರಮ್ ಕೊರತೆಯನ್ನು ಸ್ವಲ್ಪ ಕಾಲ ಮರೆಮಾಡುತ್ತದೆ. ಹಳೆಯ ದಾಸ್ತಾನು ಕರಗಿದ ಮೇಲೆ ಬೆಲೆ ಮತ್ತೆ ಮೇಲೆ ಹೋಗುತ್ತದೆ. ಆಗ ಮತ್ತೆ ಎಲ್ಲರೂ ನಾಟಿ. ಕೋಲಾರದಲ್ಲಿ ಎರಡು ತಿಂಗಳಲ್ಲಿ ಆಗುವುದೇ ಜಗತ್ತಿನಲ್ಲಿ ಎರಡು ಮೂರು ವರ್ಷದಲ್ಲಿ ಆಗುತ್ತದೆ.

ಮತ್ತೆ ಕೋಲಾರಕ್ಕೆ ಬರೋಣ. ತಳಿ ಇಲ್ಲ ಎಂದಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಅರ್ಕಾ ಅಪೇಕ್ಷಾ, ಅರ್ಕಾ ವಿಶೇಷ್ ಎಂಬ ಹೈಬ್ರಿಡ್‌ಗಳನ್ನು ಸಂಸ್ಕರಣೆಗೆಂದೇ ಬಿಡುಗಡೆ ಮಾಡಿದೆ. ಯಂತ್ರ ಇಲ್ಲ ಎಂದೂ ಅಲ್ಲ. ಚಿತ್ತೂರು, ಕೃಷ್ಣಗಿರಿ ಕಡೆ ಮಾವಿನ ತಿರುಳಿನ ಕಾರ್ಖಾನೆಗಳಿವೆ, ಮಾವಿನ ಕಾಲ ಮುಗಿದ ಮೇಲೆ ಅವುಗಳಿಗೆ ಬಿಡುವಿರುತ್ತದೆ. ಕೇಂದ್ರ ಸರ್ಕಾರ 2018ರ ಬಜೆಟ್ಟಿನಲ್ಲಿ ಟೊಮೆಟೊ, ಈರುಳ್ಳಿ, ಆಲೂಗಡ್ಡೆಗೆಂದು ₹500 ಕೋಟಿಯ ಯೋಜನೆಯನ್ನೂ ಘೋಷಿಸಿತ್ತು.

ಗುತ್ತಿಗೆ ಬೇಸಾಯ ಕರ್ನಾಟಕಕ್ಕೆ ಹೊಸದೂ ಅಲ್ಲ. 1990ರ ದಶಕದಿಂದ ಇಲ್ಲಿಯ ಸಣ್ಣ ರೈತರು ವಿದೇಶಕ್ಕೆ ಹೋಗುವ ಮಿಡಿ ಸೌತೆಯನ್ನು ಮೊದಲೇ ಗೊತ್ತಾದ ಬೆಲೆಗೆ ಬೆಳೆದು ಕಂಪನಿಗಳಿಗೆ ಕೊಡುತ್ತಿದ್ದಾರೆ. ಅದು ನಡೆಯುವುದಕ್ಕೆ ಒಂದು ದೊಡ್ಡ ಕಾರಣ, ಆ ಮಿಡಿಗೆ ಊರಿನ ಸಂತೆಯಲ್ಲಿ ಗಿರಾಕಿ ಇಲ್ಲ. ಟೊಮೆಟೊಗೆ ಪ್ರತಿ ಸಂತೆಯಲ್ಲೂ ಗಿರಾಕಿ ಇದ್ದಾರೆ. ಕೆಜಿಗೆ ₹10 ಎಂದು ಕಾಗದಕ್ಕೆ ಸಹಿ ಹಾಕಿದ ರೈತನ ಎದುರೇ ಮಂಡಿಯಲ್ಲಿ ₹130 ಕೂಗುತ್ತಾರೆ. ಮಂಡಿಯಲ್ಲಿ ₹4 ಇದ್ದ ದಿನ ಕಾರ್ಖಾನೆಯವನಿಗೂ ಆ ₹10ರ ಕಾಗದ ಭಾರ ಅನಿಸುತ್ತದೆ. ಎರಡೂ ದಿನಗಳಲ್ಲಿ ಎರಡೂ ಕಡೆಯವರು ಆ ಕಾಗದವನ್ನು ಬಿಡದೆ ಹಿಡಿದುಕೊಳ್ಳುವಂಥ ಏರ್ಪಾಡು ಕೋಲಾರದಲ್ಲಿ ಇನ್ನೂ ಬೇರೂರಿಲ್ಲ.